ಹುತ್ತದ ಪಟ್ಟಣಕ್ಕೆ ಒಂದೇ ಕಿಂಡಿ

ಹನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಾಣಿಯ ಅಂಗಡಿ ಇದೆ. ಬೋರ್ಡಿನ ಮೇಲೆ ಜೆರಾಕ್ಸ್, ಲ್ಯಾಮಿನೇಶನ್ ಎಂದಷ್ಟೇ ಬರೆದಿದ್ದರೂ ಸುತ್ತಲ ಶಾಲೆಗಳ ಮಕ್ಕಳ ಅಪ್ಪ ಅಮ್ಮಂದಿರಿಗೆ ಅದು ಪ್ರಾಜೆಕ್ಟ್ ಅಂಗಡಿ. ಸೋಮವಾರ ವಸ್ತುಪ್ರದರ್ಶನ ಅಂದರೆ ಶನಿವಾರ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಬ್ಬರಿಗೆ ಜ್ವಾಲಾಮುಖಿ ಬೇಕು, ಇನ್ನೊಬ್ಬರಿಗೆ ಸೌರವ್ಯೂಹ ಬೇಕು, ಮತ್ತೊಬ್ಬರಿಗೆ ರಕ್ತ ಹರಿಯುವ ಹೃದಯವೇ ಬೇಕು. ಎಲ್ಲರಿಗೂ ನಾಳೆಗೇ ಬೇಕು. ರಾಣಿ ಥರ್ಮಾಕೋಲನ್ನು ಬಿಸಿ ತಂತಿಯಲ್ಲಿ ಕುಯ್ದು, ಅಂಟಿಸಿ, ಬಣ್ಣ ಬಳಿದು ಹದಿನಾಲ್ಕು ವರ್ಷದಿಂದ ಊರ ಮಕ್ಕಳಿಗೆಲ್ಲ ಬಹುಮಾನ ಬರಿಸಿದ್ದಾಳೆ. ಮಕ್ಕಳು ಬಹುಮಾನದ ಕಪ್ಪು ಹಿಡಿದು ಫೋಟೋ ತೆಗೆಸಿಕೊಂಡಿದ್ದಾರೆ. ಅಪ್ಪಂದಿರು ನಮ್ಮ ಹುಡುಗನ ತಲೆಯೇ ತಲೆ ಎಂದು ಮೀಸೆ ತಿರುವಿದ್ದಾರೆ. ರಾಣಿಯ ಹೆಸರನ್ನು ಒಬ್ಬನೇ ಒಬ್ಬ ಎಲ್ಲೂ ಎತ್ತಿಲ್ಲ. ಎತ್ತುವ ಹಾಗೂ ಇಲ್ಲವಲ್ಲ, ಎತ್ತಿದರೆ ಬಹುಮಾನ ಹೋಯಿತು.

ಇದನ್ನೆಲ್ಲ ಅವಳು ನಕ್ಕು ಸಹಿಸಿಕೊಂಡಿದ್ದಳು. ನಗು ಹೋಗಿ ಉರಿ ಶುರುವಾದದ್ದು ಮೂರು ವರ್ಷದ ಹಿಂದೆ. ಕೊಳ್ಳೇಗಾಲದ ದಾರಿಯಲ್ಲಿರುವ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಬೇಕಾಗಿದ್ದಾರೆ ಎಂದು ಕೇಳಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದಳು. ಶಾಲೆಯ ಕಾರ್ಯದರ್ಶಿ ಪರಮೇಶ. ಕುಂತೂರಿನ ಕಡೆ ಕಬ್ಬಿನ ಗದ್ದೆ, ಕೊಳ್ಳೇಗಾಲದಲ್ಲಿ ಎರಡು ಅಂಗಡಿ, ಅದರ ಮೇಲೆ ಈ ಶಾಲೆ. ಅವನು ಅವಳನ್ನು ಕೂರು ಎನ್ನಲಿಲ್ಲ.

"ಇದುವರ್ಗೂ ಏನಮ್ಮಾ ಮಾಡಿದ್ದೀಯ? ಸರ್ಟಿಫಿಕೇಟು ಗಿರ್ಟಿಫಿಕೇಟು ಏನಾದ್ರೂ ಅದಾ?"

ಅವನ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲಿ ಮೂರು ಮಾಡೆಲ್‌ಗಳಿದ್ದವು, ಪಕ್ಕಕ್ಕೆ ಮೂರು ಕಪ್ಪು. ಮೂರನ್ನೂ ಮಾಡಿದವಳು ರಾಣಿ. "ಸಾ, ಅವ್ವು ನಾನೇ ಮಾಡಿರವು," ಎಂದಳು. ಪರಮೇಶ ಹಿಂದಕ್ಕೆ ತಿರುಗಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, "ಅವು ನಮ್ ಸ್ಕೂಲ್ ಮಕ್ಳು ಮಾಡಿದ್ದು ಕಣಮ್ಮ. ಕಾಗದ ಇದ್ರೆ ತಕಬಾ, ನೋಡವ," ಎಂದು ಫೋನೆತ್ತಿಕೊಂಡ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುತ್ತಾರಲ್ಲ, ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ರಾಣಿಯ ತಲೆಯಲ್ಲಿ ಅದೊಂದೇ ಮಾತು ಕುಟ್ಟುತ್ತಿತ್ತು. ಹನ್ನೊಂದು ವರ್ಷ ದುಡಿದವಳ ಬಳಿ ತನ್ನ ಹೆಸರಿರುವ ಒಂದು ಚೂರು ಕಾಗದವಿಲ್ಲ. ಇದಕ್ಕಿಂತ ಕೆಟ್ಟ ಬೈಗುಳ ಬೇಕೇ? ಆ ಕುಟ್ಟಾಟದಲ್ಲೇ ಅವಳಿಗೆ ಪೆಟ್ಟಿಗೆಯ ಯೋಚನೆ ಬಂತು. ಯಾರ ಮಗುವಿಗೂ ಅಲ್ಲ, ಯಾವ ಪಾಠದ್ದೂ ಅಲ್ಲ, ತನಗೇ ಅಂತ ಒಂದು ಮಾಡಬೇಕು. ಹುತ್ತದ ಪಟ್ಟಣ.

ಲೋಕದಲ್ಲಿ ಎಲ್ಲೂ ಇಲ್ಲದ ಪಟ್ಟಣ ಅದು. ಅಲ್ಲಿ ಹುತ್ತಗಳು ಮುಗಿಲು ಮುಟ್ಟುವಷ್ಟು ಬೆಳೆದಿವೆ. ಒಂದೊಂದು ಹುತ್ತಕ್ಕೂ ಬಾಗಿಲು, ಕಿಟಕಿ, ಸುತ್ತಿಕೊಂಡು ಹತ್ತುವ ಮೆಟ್ಟಿಲು. ಎತ್ತಿನ ಬದಲು ಇರುವೆಗಳು ಗಾಡಿ ಎಳೆಯುತ್ತವೆ. ಗಾಡಿಗಳ ಸಾಲು ದೊಡ್ಡ ದಾರಿಯಲ್ಲಿ ಹೋಗಿ ಹೋಗಿ, ಕಣ್ಣಿಗೆ ಕಂಡೂ ಕಾಣದಷ್ಟು ದೂರದಲ್ಲಿ ಮಂಜು ಮುಸುಕಿದ ಅರಮನೆಯನ್ನು ಸೇರುತ್ತದೆ. ಇಷ್ಟೂ ಮೂರಡಿ ಉದ್ದದ ಪ್ಲೈವುಡ್ ಪೆಟ್ಟಿಗೆಯಲ್ಲಿ ಹಿಡಿಯಬೇಕು. ಹುಚ್ಚು ಅಂದರೆ ಹುಚ್ಚೇ.

ದೂರ ಅನ್ನುವುದನ್ನು ಪೆಟ್ಟಿಗೆಯಲ್ಲಿ ತುಂಬುವುದು ಹೇಗೆ ಎಂದು ಅವಳಿಗೆ ಕಲಿಸಿದ್ದು ಅರ್ಧ ಫೋನಿನ ವಿಡಿಯೋಗಳು, ಇನ್ನರ್ಧ ಕೌದಳ್ಳಿಯ ಕಡೆ ಹೋಗುವ ರಸ್ತೆ. ರಸ್ತೆ ಬದಿ ನಿಂತು ನೋಡಿದರೆ, ಎದುರಿಗೆ ಮನೆಯಷ್ಟು ಇರುವ ಲಾರಿ ಬೆಟ್ಟದ ಬುಡಕ್ಕೆ ಹೋಗುವಷ್ಟರಲ್ಲಿ ಬೆಂಕಿಪೊಟ್ಟಣವಾಗುತ್ತದೆ. ಹಾಗಾದರೆ ಹತ್ತಿರದ್ದನ್ನು ದೊಡ್ಡದು ಮಾಡು, ದೂರದ್ದನ್ನು ಸಣ್ಣದು ಮಾಡು, ಕಣ್ಣು ಮೋಸಹೋಗುತ್ತದೆ. ಹೇಳುವುದು ಸುಲಭ. ದಾರಿ ಮುಂದೆ ನಾಲ್ಕು ಬೆರಳಗಲ, ಹಿಂದೆ ನೂಲಿನಷ್ಟು. ನೆಲ ಹಿಂದಕ್ಕೆ ಹೋಗುತ್ತ ಏರಬೇಕು. ಹಿಂದಿನ ಗೋಪುರಗಳು ಒಳಮುಖವಾಗಿ ವಾಲಬೇಕು. ಇರುವೆಗಳನ್ನು ಮಾಡಲು ಅವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಿಚ್ಚಿದಳು. ಮುಂದಿನ ಇರುವೆಗೆ ಹುಣಸೆ ಬೀಜ, ಅದರ ಹಿಂದಿನದಕ್ಕೆ ಹುರುಳಿ, ಆಮೇಲೆ ಸಾಸಿವೆ, ಅರಮನೆಯ ಬಾಗಿಲ ಬಳಿ ರಾಗಿ ಕಾಳು. ಮಂಜಿಗೆ ಕೊಳ್ಳೇಗಾಲದಿಂದ ತಂದ ರೇಷ್ಮೆ ಎಳೆಯ ಚೂರು.

ಮಣ್ಣಿಗೆ ಹೂಗ್ಯದಲ್ಲಿರುವ ಚಿಕ್ಕವ್ವ ಚಿಕ್ಕಮಾದಮ್ಮನ ಹೊಲಕ್ಕೆ ಹೋದಳು. ಮುದುಕಿ ಮೊದಲು ಗದರಿದಳು: "ಬಾಳೋ ಉತ್ತಕ್ಕೆ ಗುದ್ಲಿ ಆಕ್ಬ್ಯಾಡ ಕಣವ್ವ. ಬದಿನಲ್ಲಿ ಕರಡಿ ಕಿತ್ತಾಕಿರದು ಒಂದದೆ. ಅದ್ನ ತಕಂಡೋಗು." ಕರಡಿ ಕೆದರಿ ಬಿಟ್ಟ ಹುತ್ತದ ಮಣ್ಣನ್ನು ರಾಣಿ ಗೋಣಿಯಲ್ಲಿ ತಂದು, ಜರಡಿ ಹಿಡಿದು, ಗೋಂದಿನಲ್ಲಿ ಕಲಸಿ ಗೋಪುರಗಳಿಗೆ ಮೆತ್ತಿದಳು.

ಎರಡು ಸಲ ಕೆಟ್ಟಿತು. ಎಡಕ್ಕೆ ನಿಂತು ನೋಡಿದರೆ ಒಂದು ಥರ, ಬಲಕ್ಕೆ ನಿಂತರೆ ಎಲ್ಲ ಸೊಟ್ಟ. ಒಂದು ದಿನ ಧೂಳು ಬೀಳದಿರಲೆಂದು ಮುಂದೆ ಒಂದು ರಟ್ಟು ಒರಗಿಸಿದ್ದಳು. ಆ ರಟ್ಟಿನಲ್ಲಿ ಮೊಳೆ ಹೊಡೆದ ತೂತೊಂದಿತ್ತು. ಸುಮ್ಮನೆ ಅದರಲ್ಲಿ ಒಂದು ಕಣ್ಣಿಟ್ಟಳು. ಮೂರಡಿ ಪೆಟ್ಟಿಗೆಯೊಳಗೆ ಐದು ಮೈಲಿ ಇತ್ತು! ಗೋಪುರಗಳು ನೆಟ್ಟಗೆ ನಿಂತಿದ್ದವು, ದಾರಿ ಬಯಲಿನಲ್ಲಿ ಹರಿದುಹೋಗಿತ್ತು, ಗಾಳಿ ಬೀಸಿದರೆ ಮಂಜು ಸರಿಯುತ್ತದೇನೋ ಅನ್ನಿಸಿತು. ಗುಟ್ಟು ಇಷ್ಟೇ. ಆ ಪಟ್ಟಣವನ್ನು ನೋಡಲು ಲೋಕದಲ್ಲಿ ಒಂದೇ ಜಾಗ, ಒಂದೇ ಕಣ್ಣು. ಅವಳು ಮುಂದಕ್ಕೆ ನಾಲ್ಕು ಸ್ಕ್ರೂಗಳಲ್ಲಿ ಹಲಗೆ ಕೂರಿಸಿ, ಎಂಟಾಣೆಯ ಅಗಲಕ್ಕೆ ಒಂದು ಕಿಂಡಿ ಕೊರೆದಳು. ಮೇಲೆ ಮುಚ್ಚಳ ಹಾಕಿ, ಬೆಳಕಿಗೆ ಒಂದು ಸೀಳು ಬಿಟ್ಟು ಹಳದಿ ಕಾಗದ ಅಂಟಿಸಿದಳು. ಮೇಜಿನ ಮೇಲಿಟ್ಟರೆ ಮಕ್ಕಳ ಕಣ್ಣಿಗೆ ಸರಿಯಾಗುವ ಎತ್ತರ. ದೊಡ್ಡವರಾದರೆ ಸೊಂಟ ಬಗ್ಗಿಸಬೇಕು.

ಅವಳ ತಮ್ಮ ಮೂರ್ತಿ, ಗೂಡ್ಸ್ ಆಟೋ ಓಡಿಸುವವನು, ಕಿಂಡಿಯಲ್ಲಿ ಇಣುಕಿ ಸರಕ್ಕನೆ ತಲೆ ತೆಗೆದ. ಎದ್ದು ಪೆಟ್ಟಿಗೆಯ ಹಿಂದಕ್ಕೆ ಹೋಗಿ ಗೋಡೆ ತಡವಿ ನೋಡಿದ. "ಅಕ್ಕ, ಇದು ಗ್ವಾಡೆ ಒಳಕೆಲ್ಲಾದ್ರೂ ಓಗದಾ?" ಎಂದ. ಅದಕ್ಕಿಂತ ದೊಡ್ಡ ಹೊಗಳಿಕೆ ರಾಣಿಗೆ ಬದುಕಿನಲ್ಲಿ ಸಿಕ್ಕಿರಲಿಲ್ಲ.

ಇಂಥ ಪೆಟ್ಟಿಗೆಯ ಮೇಲೆ ಪರಮೇಶನ ಕಣ್ಣು ಬಿತ್ತು. ಸುಳ್ಳು ಹೇಳಬಾರದು, ಅವನ ಕಣ್ಣು ಬೀಳಲೇ ಇಲ್ಲ, ಅವನ ಮಗಳದ್ದು ಬಿತ್ತು. ಕೊಳ್ಳೇಗಾಲದ ಒಂದು ಸಂಘದವರು ಹೈಸ್ಕೂಲು ಮಕ್ಕಳಿಗೆ 'ನನ್ನ ಕನಸಿನ ಲೋಕ' ಎಂದು ಮಾಡೆಲ್ ಸ್ಪರ್ಧೆ ಇಟ್ಟಿದ್ದರು. ಪರಮೇಶ ಒಂಬತ್ತನೇ ತರಗತಿಯ ಮಗಳು ಭವ್ಯಳನ್ನು ಕಾರಿನಲ್ಲಿ ಕೂರಿಸಿಕೊಂಡು ರಾಣಿಯ ಅಂಗಡಿಗೇ ಬಂದ. ರಾಣಿಯ ಗುರುತು ಅವನಿಗೆ ಸಿಗಲಿಲ್ಲ, ಅಥವಾ ಸಿಕ್ಕರೂ ತೋರಿಸಲಿಲ್ಲ. ಅಪ್ಪ ಫೋನಿನಲ್ಲಿ ಮಾತಾಡುತ್ತಿರುವಾಗ ಹುಡುಗಿ ಮೂಲೆಯ ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟಿತು. ಕರೆದರೂ ಬರಲಿಲ್ಲ, ಭುಜ ಹಿಡಿದು ಅಲ್ಲಾಡಿಸಿದರೂ ಏಳಲಿಲ್ಲ.

"ಇದನ್ನೇ ಕೊಟ್ಬುಡು," ಎಂದ ಪರಮೇಶ.

"ಕೊಡಕಿಲ್ಲ ಸಾ. ಇದು ಮಾರಕ್ಕೆ ಮಾಡಿದ್ದಲ್ಲ. ನೀವೂ ಒಂಚೂರು ಬಗ್ಗಿ ನೋಡಿ ಬೇಕಾರೆ."

"ನನ್ ಮಗ್ಳು ನೋಡಿದ್ಲಲ್ಲ, ಸಾಕು."

ರಾಣಿ ಅವನ ಕೈಯಲ್ಲಿದ್ದ ಅರ್ಜಿಯನ್ನು ನೋಡಿದಳು. ಅದರಲ್ಲಿ ಎರಡು ಗೆರೆ. ಒಂದು ವಿದ್ಯಾರ್ಥಿಯದ್ದು, ಕೆಳಗಿನದು ಮಾರ್ಗದರ್ಶಕರದ್ದು. ಇಬ್ಬರಿಗೂ ಪ್ರಮಾಣಪತ್ರ ಕೊಡಲಾಗುವುದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಹಟ ಒಂದು ಕಡೆ, ಆ ಕಾಗದ ಒಂದು ಕಡೆ.

"ಸಾ, ನಂಗೆ ದುಡ್ಡು ಬ್ಯಾಡ. ಭವ್ಯ ನಾಕು ಭಾನ್ವಾರ ಬಂದು ಕಲೀಲಿ, ಒಂದು ಗೋಪುರನಾರ ಅವಳೇ ಮಾಡ್ಲಿ. ಮಾರ್ಗದರ್ಶಕರು ಅನ್ನೋ ಕಡೆ ನನ್ನೆಸ್ರು ಬರೀರಿ. ಅಷ್ಟೆಯ."

"ಅಷ್ಟೇ ತಾನೇ? ಬರ್ದಂಗೇ ಅಂದ್ಕೋ," ಎಂದು ಪರಮೇಶ ಕಾರು ಹತ್ತಿದ.

ಹುಡುಗಿ ಒಳ್ಳೆಯದು. ನಾಲ್ಕು ಭಾನುವಾರ ಬಂದು, ಕೈಗೆಲ್ಲ ಮಣ್ಣು ಮೆತ್ತಿಕೊಂಡು, ಎಡಗಡೆಯ ಮೂರನೇ ಗೋಪುರವನ್ನು ಕಿತ್ತು ಹೊಸದಾಗಿ ತಾನೇ ಮಾಡಿತು. ಸ್ಪರ್ಧೆಯ ಹಿಂದಿನ ದಿನ, ಶನಿವಾರ, ಶಾಲೆಯ ವ್ಯಾನು ಬಂದು ಪೆಟ್ಟಿಗೆ ಒಯ್ದಿತು. ಕಳಿಸುವ ಮುಂಚೆ ರಾಣಿ ಮುಂದಿನ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಳು: ತೆರೆಯಬಾರದು. ಒಂದು ಕಣ್ಣು ಮುಚ್ಚಿ ಕಿಂಡಿಯಲ್ಲಿ ನೋಡಿ.

ಭಾನುವಾರ ಬೆಳಿಗ್ಗೆ ಮೂರ್ತಿಯ ಆಟೋದಲ್ಲಿ ಕೊಳ್ಳೇಗಾಲಕ್ಕೆ ಹೋದಳು. ಸ್ಪರ್ಧೆ ಒಂದು ಕಲ್ಯಾಣ ಮಂಟಪದಲ್ಲಿ. ಒಳಗೆ ಕಾಲಿಟ್ಟರೆ ಸಾಲುಮೇಜುಗಳ ಮೇಲೆ ಅವಳ ಕೈಕೆಲಸವೇ ನಗುತ್ತಿತ್ತು. ಚಂದ್ರನ ಮೇಲಿನ ಹಳ್ಳಿ, ಸಮುದ್ರದಡಿಯ ಅರಮನೆ, ಮೋಡದ ಮೇಲಿನ ರೈಲು. ಎಣಿಸಿದಳು, ಒಂಬತ್ತು. ಮೇಜುಗಳ ಹಿಂದೆ ನಿಂತಿದ್ದ ಒಂಬತ್ತು ಜೊತೆ ಅಪ್ಪ ಅಮ್ಮಂದಿರು ಅವಳನ್ನು ಕಂಡ ಕೂಡಲೇ ಮಂಟಪದ ಚಾವಣಿ ನೋಡತೊಡಗಿದರು. ಎಂಟು ದಿನದ ಹಿಂದೆ ಇದೇ ಜನ ರಾಣಕ್ಕ ರಾಣಕ್ಕ ಎಂದು ಅಂಗಡಿಯ ಮೆಟ್ಟಿಲು ಸವೆಸಿದ್ದರು.

ಹುತ್ತದ ಪಟ್ಟಣ ವೇದಿಕೆಯ ಪಕ್ಕ, ಎಲ್ಲರಿಗೂ ಕಾಣುವಂತೆ ಇತ್ತು. ರಾಣಿ ಅದನ್ನು ಕಂಡವಳೇ ನಿಂತಲ್ಲೇ ನಿಂತಳು. ಮುಂದಿನ ಹಲಗೆ ಇರಲಿಲ್ಲ. ಮೇಲಿನ ಮುಚ್ಚಳವೂ ಇರಲಿಲ್ಲ. ಪೆಟ್ಟಿಗೆ ಹೊಟ್ಟೆ ಬಗೆದು ಹಾಕಿದ ಹಾಗೆ ಬಾಯಿ ಬಿಟ್ಟುಕೊಂಡಿತ್ತು. ಗೋಪುರಗಳಿಗೆ ಸೀರಿಯಲ್ ಸೆಟ್ ಸುತ್ತಿ ಕೆಂಪು ಹಸಿರು ಮಿನುಗಿಸಿದ್ದರು. ಶುಭವಾಗಲೆಂದು ಅರಮನೆಯ ಮುಂದೆ ಒಂದು ಪ್ಲಾಸ್ಟಿಕ್ ಗಣಪನನ್ನು ಕೂರಿಸಿದ್ದರು. ಗಣಪನ ಹೆಬ್ಬೆರಳಿಗೆ ಅರಮನೆ ಸಮವಾಗಿತ್ತು. ಐದು ಮೈಲಿಯ ದಾರಿ ಮೂರಡಿಯ ಜಾರುಬಂಡೆಯಾಗಿತ್ತು, ಗೋಪುರಗಳು ಒಂದರ ಮೇಲೊಂದು ಬೀಳುವ ಹಾಗೆ ವಾಲಿದ್ದವು. ಪಕ್ಕದಲ್ಲಿ ಹೆಸರಿನ ಕಾರ್ಡು. ವಿದ್ಯಾರ್ಥಿ: ಭವ್ಯ ಪಿ. ಮಾರ್ಗದರ್ಶಕರು: ಪರಮೇಶ, ಕಾರ್ಯದರ್ಶಿ.

ಅವಳು ಎರಡು ಸಲ ಓದಿದಳು. ಭವ್ಯ ಮೇಜಿನ ಹಿಂದೆ ನಿಂತು ಅಳುವುದೊಂದು ಬಾಕಿ. "ಆಂಟಿ, ನಾನ್ ಬೇಡ ಅಂದೆ. ಅಪ್ಪ ಕೇಳ್ಲಿಲ್ಲ," ಎಂದಿತು.

ಪರಮೇಶ ಬಿಳಿ ಅಂಗಿಗೆ ಬ್ಯಾಡ್ಜು ಚುಚ್ಚಿಕೊಂಡು ಓಡಾಡುತ್ತಿದ್ದ. ರಾಣಿ ನೇರ ಅವನ ಎದುರಿಗೆ ಹೋಗಿ ನಿಂತಳು.

"ಯಾಕ್ ಸಾ ಬಿಚ್ಚುದ್ರಿ? ಬಿಚ್ಬ್ಯಾಡಿ ಅಂತ ಅಷ್ಟ್ ದಪ್ಪಕ್ಕೆ ಬರ್ದಿದ್ನಲ್ಲ!"

"ಮೆಲ್ಲಕ್ ಮಾತಾಡಮ್ಮ. ಬಂದಿರೋ ಗೆಸ್ಟ್‌ಗಳೆಲ್ಲ ಸೊಂಟ ಬಗ್ಗಿಸಿ ತೂತ್ನಲ್ಲಿ ಇಣುಕಕ್ಕಾದದಾ? ಮರ್ಯಾದೆ ಬ್ಯಾಡ್ವಾ? ಎಲ್ಲಾರ್ಗೂ ಒಂದೇ ಸಲ ಕಾಣ್ಲಿ ಅಂತ ಬಿಚ್ಚಿಸ್ದೆ."

"ಕಂಡದ್ದೇನು, ಮಣ್ಣು! ಓಗ್ಲಿ, ನನ್ನೆಸ್ರೆಲ್ಲಿ?"

"ಮಾರ್ಗದರ್ಶಕರು ಅಂದ್ರೆ ಟೀಚರ್ ಆಗಿರ್ಬೇಕಮ್ಮ. ಸಿಕ್ಕ್ ಸಿಕ್ದೋರ್ ಎಸ್ರು ಬರ್ಯಕ್ಕಾಯ್ತದಾ? ಮುಂದಿನ್ ಸಲ ನೋಡವ, ಈಗ ಆ ಕಡೆ ಓಗು."

ಸಿಕ್ಕ ಸಿಕ್ಕವಳು. ಮೂರು ವರ್ಷದ ಹಿಂದೆ ಕಾಗದ ತಂದರೆ ಟೀಚರ್ ಮಾಡುತ್ತೇನೆ ಎಂದ, ಇವತ್ತು ಟೀಚರ್ ಆಗಿದ್ದರೆ ಕಾಗದ ಕೊಡುತ್ತೇನೆ ಎಂದ. ಇವನ ನಾಲಿಗೆಗೆ ಎಲುಬಿಲ್ಲ, ಎದೆಗೆ ನಾಚಿಕೆಯಿಲ್ಲ. ರಾಣಿ ಬಾಯಿ ತೆರೆಯುವಷ್ಟರಲ್ಲಿ ಮೂರ್ತಿ ಅವಳ ತೋಳು ಹಿಡಿದ. "ಬಾರಕ್ಕ, ದೊಡ್ಡೋರ್ ಸವಾಸ ನಮ್ಗ್ಯಾಕೆ. ಪೆಟ್ಗೆ ತಕಂಡು ಓಗ್ಬುಡಮ."

"ನೀನ್ ಸುಮ್ನಿರ್ಲಾ. ಓಗದಾದ್ರೆ ಎಸ್ರು ತಕಂಡೇ ಓಯ್ತೀನಿ," ಎಂದಳು ರಾಣಿ.

ಅಷ್ಟರಲ್ಲಿ ತೀರ್ಪುಗಾರರು ಬಂದರು. ಮುಖ್ಯ ತೀರ್ಪುಗಾರರು ಶಿವಕುಮಾರಸ್ವಾಮಿ, ಯಳಂದೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಎಪ್ಪತ್ತು ದಾಟಿದವರು, ಮಾತು ಕಮ್ಮಿ. ಅವರು ಮೈಕ್ ಮುಂದೆ ಮಾಡಿ ಒಂದೊಂದು ಮಗುವಿನ ಬಾಯಲ್ಲೂ ವಿವರಣೆ ಹೇಳಿಸುತ್ತ ಬಂದರು. ಹುತ್ತದ ಪಟ್ಟಣದ ಮುಂದೆ ನಿಂತು ಕನ್ನಡಕ ಏರಿಸಿದರು, ಇಳಿಸಿದರು.

"ಈ ಗೋಪುರಗಳು ಯಾಕಮ್ಮ ವಾಲಿವೆ? ದಾರಿ ಯಾಕೆ ಗುಡ್ಡ ಹತ್ತಿದೆ?"

ಭವ್ಯ ಅಪ್ಪನ ಮುಖ ನೋಡಿದಳು. ಹಿಂದಿನಿಂದ ಯಾರೋ, "ಪಟ್ಣಕ್ಕೇ ನಿಶೆ ಏರದೆ ಕಣ್ರಿ," ಎಂದರು. ಮಂಟಪ ಗೊಳ್ಳೆಂದಿತು. ಚಂದ್ರನ ಮೇಲಿನ ಹಳ್ಳಿಯ ಅಪ್ಪನೂ ನಕ್ಕ. ರಾಣಿ ಅವನತ್ತ ಒಮ್ಮೆ ನೋಡಿದಳು, ಅವನ ನಗು ಅಲ್ಲೇ ಒಣಗಿತು.

"ಮಾರ್ಗದರ್ಶಕರು ಯಾರು? ಅವರೇ ಹೇಳಲಿ," ಎಂದರು ಮೇಷ್ಟ್ರು, ಕಾರ್ಡು ಓದಿ.

ಪರಮೇಶನ ಮುಖ ಕೆಂಪಾಗಿತ್ತು. ಅವನು ಗದ್ದೆಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಬೈದು ಗೊತ್ತಿದ್ದವನೇ ಹೊರತು ನಗೆಗೀಡಾಗಿ ಗೊತ್ತಿದ್ದವನಲ್ಲ. ಮೈಕ್ ಕಿತ್ತುಕೊಂಡ. "ಇದ್ದದ್ದು ಇದ್ದಂಗೆ ಏಳ್ಬುಡ್ತೀನಿ ಸಾರ್. ಇದು ನನ್ನ ಮಗಳು ಮಾಡಿದ್ದಲ್ಲ. ನಾನೂ ಮಾಡ್ಸಿದ್ದಲ್ಲ. ಹನೂರಲ್ಲಿ ರಾಣಿ ಅಂತ ಒಬ್ಬಳು ಅವಳೆ, ಅವಳು ಮಾಡಿದ್ದು. ಸೊಟ್ಟಪಟ್ಟ ಮಾಡ್ಕೊಟ್ಟು ನಮ್ ಮಾನ ಕಳುದ್ಲು. ಆ ರಾಣಿನೇ ಕೇಳಿ, ಅಗೋ ಅಲ್ಲೇ ನಿಂತವಳೆ."

ಹದಿನಾಲ್ಕು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ರಾಣಿಯ ಹೆಸರು ಮೈಕಿನಲ್ಲಿ ಬಂತು. ಬಂದದ್ದು ಬೈಗುಳವಾಗಿ. ಮಂಟಪದ ನಾಲ್ಕು ಮೂಲೆಯ ಸ್ಪೀಕರಿನಲ್ಲೂ ರಾಣಿ, ರಾಣಿ ಎಂದಿತು. ಜನ ಕತ್ತು ತಿರುಗಿಸಿ ಅವಳನ್ನು ನೋಡಿದರು. ಹೊಗಳಿಕೆಗೆ ಭವ್ಯ, ಉಗಿತಕ್ಕೆ ರಾಣಿ. ಅವಳ ಸಿಟ್ಟು ಈಗ ಕೈಕಾಲಿಗೆ ಇಳಿಯಿತು.

ಅವಳು ಮೇಜಿನ ಬಟ್ಟೆ ಎತ್ತಿ ಕೆಳಗೆ ನೋಡಿದಳು. ಹಲಗೆ, ಮುಚ್ಚಳ, ಸ್ಕ್ರೂಗಳು ಎಲ್ಲ ಅಲ್ಲೇ ಬಿದ್ದಿದ್ದವು. ತೆರೆಯಬಾರದು ಎಂಬ ಕೆಂಪು ಅಕ್ಷರದ ಮೇಲೆ ಯಾರೋ ಟೀ ಲೋಟ ಇಟ್ಟ ಗುರುತು. ಮೊದಲು ಗಣಪನನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಪಕ್ಕಕ್ಕೆ ಕೂರಿಸಿದಳು. ಸೀರಿಯಲ್ ಸೆಟ್ಟನ್ನು ಎಳೆದು ಬಿಸಾಡಿದಳು. ಉರುಳಿದ್ದ ನಾಲ್ಕು ಸಾಸಿವೆ ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ಅವುಗಳ ಜಾಗಕ್ಕೆ ಅಂಟಿಸಿದಳು. "ಏನ್ ಮಾಡ್ತಿದೀಯಮ್ಮ? ಯಾರು ಮುಟ್ಟು ಅಂದ್ರು?" ಎಂದು ಪರಮೇಶ ಮುಂದೆ ಬಂದ. ಮೂರ್ತಿ, ದೊಡ್ಡವರ ಸಹವಾಸ ಬೇಡ ಎಂದ ಅದೇ ಮೂರ್ತಿ, ಅಡ್ಡ ನಿಂತ. "ಅವ್ಳು ಮಾಡಿದ್ದು ಅಂತ ನೀವೇ ಏಳುದ್ರಲ್ಲ ಸಾ. ಅವ್ಳುದನ್ನ ಅವ್ಳು ಮುಟ್ತಾವಳೆ, ಬುಡಿ."

ರಾಣಿ ತಮ್ಮನ ಆಟೋದ ಬೀಗದ ಕೈ ಇಸಕೊಂಡು ಅದರಲ್ಲೇ ನಾಲ್ಕೂ ಸ್ಕ್ರೂ ತಿರುಗಿಸಿ ಹಲಗೆ ಕೂರಿಸಿದಳು. ಮುಚ್ಚಳ ಹಾಕಿದಳು. ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಂದೆ ಸರಿದಳು.

"ಮೇಷ್ಟ್ರೇ, ಒಂದ್ ಕಣ್ ಮುಚ್ಕಳಿ. ಬಗ್ಗಿ ನೋಡಿ."

ಶಿವಕುಮಾರಸ್ವಾಮಿಯವರಿಗೆ ಮಂಡಿನೋವು. ಮೇಜಿನ ಅಂಚು ಹಿಡಿದು, ನರಳುತ್ತ ಬಗ್ಗಿದರು. ಕಣ್ಣಿಟ್ಟರು. ಮಂಟಪ ಕಾಯಿತು. ಇನ್ನೂ ಕಾಯಿತು. ಮೇಷ್ಟ್ರು ಏಳಲಿಲ್ಲ. ಯಾರೋ ಕುರ್ಚಿ ತಂದರು, ಅವರು ಕಣ್ಣು ತೆಗೆಯದೆಯೇ ಅದರ ಮೇಲೆ ಕೂತರು.

"ಅಯ್ಯೋ ತಾಯಿ," ಎಂದರು ಕೊನೆಗೆ. "ಎಷ್ಟು ದೂರ ಇದೆಯಮ್ಮ ಇದು!" ಎದ್ದು ನಿಂತು ಪೆಟ್ಟಿಗೆಯನ್ನು ಅಳೆದು ನೋಡಿದರು, ಮತ್ತೆ ಬಗ್ಗಿ ಇಣುಕಿದರು. "ನಲವತ್ತು ವರ್ಷ ಮಕ್ಕಳಿಗೆ ಈ ದೂರ ಹತ್ತಿರದ ಪಾಠ ಮಾಡಿದೆ. ಬೋರ್ಡಿನ ಮೇಲೆ ಗೆರೆ ಎಳೆದೆ ಅಷ್ಟೆ. ಒಳಗೆ ಹೋಗಿರಲಿಲ್ಲ."

ಅಷ್ಟು ಸಾಕಾಯಿತು. ನಕ್ಕವರೆಲ್ಲ ಸಾಲು ನಿಂತರು. ಸಂಘದ ಅಧ್ಯಕ್ಷರು ಬಗ್ಗಿದರು, ಜರಿ ಪಂಚೆಯವರು ಬಗ್ಗಿದರು, ನಿಶೆ ಏರಿದೆ ಎಂದವನೂ ಬಗ್ಗಿ ಬೆಪ್ಪಾಗಿ ಎದ್ದ. ಪರಮೇಶನೂ ಕೊನೆಗೆ ಜನರನ್ನು ಸರಿಸಿ ಬಂದು, ಅತ್ತಿತ್ತ ನೋಡಿ, ಬೆನ್ನು ಬಗ್ಗಿಸಿದ. ಬಹಳ ಹೊತ್ತು ಹಾಗೇ ಇದ್ದ. ಎದ್ದಾಗ ಅವನ ಮುಖ ಬದಲಾಗಿತ್ತು. ನಾಚಿಕೆಯಿಂದ ಇರಬೇಕು ಎಂದು ರಾಣಿ ಒಂದು ಗಳಿಗೆ ನಂಬಿದಳು. ಪರಮೇಶ ಸೀದಾ ವೇದಿಕೆ ಹತ್ತಿ ಮತ್ತೆ ಮೈಕ್ ಹಿಡಿದ.

"ಬಂಧುಗಳೇ, ಆಗ್ಲೇ ಸ್ವಲ್ಪ ತಪ್ಪು ತಿಳುವಳಿಕೆ ಆಯ್ತು. ನಮ್ಮ ಶಾಲೆ ಮಾರ್ಗದರ್ಶನದಲ್ಲಿ ನನ್ನ ಮಗಳು ಭವ್ಯ ಈ ಅದ್ಭುತವಾದ..."

ರಾಣಿಗೆ ಮುಂದಿನದು ಕೇಳಿಸಲಿಲ್ಲ. ಅವಳು ವೇದಿಕೆ ಹತ್ತಿದ್ದು, ಅವನ ಕೈಯಿಂದ ಮೈಕ್ ಕಿತ್ತದ್ದು ಅವಳಿಗೇ ಆಮೇಲೆ ಗೊತ್ತಾದದ್ದು.

"ಉಗುಳಿದ್ದ ನೆಕ್ಬ್ಯಾಡಿ ಸಾ!"

ಸ್ಪೀಕರು ಕಿರ್ರೆಂದಿತು.

"ಸೊಟ್ಟಗೆ ಕಂಡಾಗ ರಾಣಿ ಮಾಡಿದ್ದು, ನೆಟ್ಟಗೆ ಕಂಡಾಗ ನಿಮ್ ಮಗ್ಳು ಮಾಡಿದ್ದಾ? ನನ್ನೆಸ್ರು ನೀವೇ ಏಳುದ್ರಿ. ಇಷ್ಟ್ ಜನದ ಮುಂದೆ, ಇದೇ ಮೈಕ್ನಲ್ಲಿ ಏಳುದ್ರಿ. ಇನ್ ವಾಪಸ್ ತಕಳಕ್ಕಾಗಕಿಲ್ಲ. ಎಡಗಡೆ ಮೂರ್ನೇ ಗೋಪುರ ಭವ್ಯನ್ದು, ಅದ್ನ ನಾನ್ ಇಲ್ಲ ಅನ್ನಕಿಲ್ಲ. ಮಿಕ್ಕಿದ್ದು ನಂದು. ಬಹುಮಾನ ಕೊಡ್ಬ್ಯಾಡಿ, ನಂಗ್ ಬ್ಯಾಡ. ಎಸ್ರು ಬರ್ದು ಅಂಟ್ಸಿ."

"ಏಯ್, ಇಳಿಯಮ್ಮ ಕೆಳೀಕೆ! ಇದು ಮಕ್ಳ ಸ್ಪರ್ಧೆ. ನಿನ್ನಂತೋರ ಎಸ್ರು ಇಲ್ಲಿ..."

"ಮಕ್ಳ ಸ್ಪರ್ಧೆನಾ?" ರಾಣಿ ಸಾಲುಮೇಜುಗಳ ಕಡೆ ತಿರುಗಿದಳು. "ಸರಿ ಸಾ. ಇದೇ ಆಲ್ನಲ್ಲಿ ನಾನ್ ಮಾಡಿರವು ಇನ್ನೂ ಒಂಬತ್ತವೆ. ಯಾರ್ದು ಯಾರ್ದು ಅಂತ ಒಂದೊಂದಾಗಿ ಏಳ್ಲಾ? ಆ ಮೂಲೆಯಿಂದ ಶುರು ಮಾಡ್ಲಾ?"

ಒಂಬತ್ತು ಅಪ್ಪಂದಿರೂ ಒಟ್ಟಿಗೆ ತಮ್ಮ ತಮ್ಮ ಮಾಡೆಲ್‌ಗೆ ಅಡ್ಡ ನಿಂತರು. ಚಂದ್ರನ ಹಳ್ಳಿಯವನು ಎಲ್ಲರಿಗಿಂತ ಮೊದಲು ಎಚ್ಚೆತ್ತ. "ಪರಮೇಶಣ್ಣ, ಬರ್ದುಬುಡಿ ಅತ್ಲಾಗೆ. ನ್ಯಾಯವಾಗೇ ಕೇಳ್ತಾವಳೆ," ಎಂದ. "ಊ ಕಣ್ರಿ, ಸುಮ್ನೆ ಯಾಕ್ ಎಳ್ದಾಡದು," ಎಂದಳು ಸಮುದ್ರದಡಿಯ ಅರಮನೆಯ ಅಮ್ಮ. ನ್ಯಾಯದ ಮೇಲೆ ಅಷ್ಟೊಂದು ಜನಕ್ಕೆ ಒಂದೇ ಸಲ ಪ್ರೀತಿ ಹುಟ್ಟಿದ್ದನ್ನು ಕೊಳ್ಳೇಗಾಲ ಹಿಂದೆಂದೂ ಕಂಡಿರಲಿಕ್ಕಿಲ್ಲ.

ಶಿವಕುಮಾರಸ್ವಾಮಿ ಕೈಯೆತ್ತಿದರು. "ಮಗು ಮಾಡಿದ್ದಲ್ಲ ಅಂತ ಮಾರ್ಗದರ್ಶಕರೇ ಹೇಳಿದ ಮೇಲೆ ಇದು ಸ್ಪರ್ಧೆಯಲ್ಲಿಲ್ಲ. ಬಹುಮಾನವಿಲ್ಲ. ಆದರೆ ನಾಳೆ ಸಂಜೆಯವರೆಗೆ ಪ್ರದರ್ಶನ ಇದೆ, ಪೆಟ್ಟಿಗೆ ಇಲ್ಲೇ ಇರಲಿ. ಹೆಸರಿಲ್ಲದೆ ಇಡುವ ಹಾಗಿಲ್ಲ." ಅವರು ಹಳೆಯ ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡು, ಒಂದು ಖಾಲಿ ಕಾರ್ಡು, ಒಂದು ಮಾರ್ಕರ್ ಪೆನ್ನು ರಾಣಿಯ ಮುಂದೆ ಹಿಡಿದರು. "ಬರೆಯಮ್ಮ."

ರಾಣಿ ಪೆನ್ನು ಮುಟ್ಟಲಿಲ್ಲ. ಅವಳ ಅಕ್ಷರ ಚೆಂದ, ಊರಿಗೆಲ್ಲ ಗೊತ್ತು. ಆದರೂ ಮುಟ್ಟಲಿಲ್ಲ.

"ಅವ್ರೇ ಬರೀಲಿ ಮೇಷ್ಟ್ರೇ. ಕಾಗದ ತಕಬಾ ಅಂದೋರು ಅವ್ರೇಯ."

ಪರಮೇಶ ಸುತ್ತ ನೋಡಿದ. ಜೊತೆಗೆ ನಿಲ್ಲುವವರು ಒಬ್ಬರೂ ಕಾಣಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಮೇಜಿನ ಚಿಂತೆ. ಅವನ ಮಗಳು ಅವನನ್ನೇ ನೋಡುತ್ತಿದ್ದಳು. ಪೆನ್ನು ತೆಗೆದುಕೊಂಡು, ಮೇಜಿನ ಮೇಲೆ ಬಗ್ಗಿ, ಕಾರ್ಡಿನ ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದ: ರಾಣಿ, ಹನೂರು. ಬರೆದು ಪೆನ್ನಿನ ಮುಚ್ಚಳ ಹಾಕಿದ.

ರಾಣಿ ಕಾರ್ಡನ್ನು ಕೈಗೆತ್ತಿಕೊಂಡು ನೋಡಿದಳು. ಹಿಂದಿನ ಸಾಲಿನ ಕಡೆ ಹಿಡಿದು ತೋರಿಸಿದಳು, ಅಲ್ಲಿದ್ದವರು ಏನೂ ಕಾಣುವುದಿಲ್ಲ ಎಂದು ತಲೆಯಾಡಿಸಿದರು. ಕಾರ್ಡನ್ನು ಎರಡು ತುಂಡು ಮಾಡಿ ಅವನ ಮುಂದೆ ಇಟ್ಟಳು.

"ಸಣ್ಣಕಾಯ್ತು ಸಾ. ಇನ್ನೊಂದ್ ತಕಳಿ. ಬಾಕ್ಲಲ್ಲಿ ನಿಂತೋರ್ಗೂ ಕಾಣ್ಬೇಕು."

ಪರಮೇಶ ಇನ್ನೊಂದು ಕಾರ್ಡು ತೆಗೆದುಕೊಂಡ.